ವೃದ್ಧಾಶ್ರಮದ ಹಿಂದಿನ ಎರಡು ಕೋಣೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಶುಕ್ರವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಮಗಳೇ,

ಬೆನ್ನು ಹೇಗಿದೆ? ಮೊದಲು ಅದಕ್ಕೆ ಉತ್ತರ ಕೊಡು, ಮಿಕ್ಕದ್ದೆಲ್ಲ ಆಮೇಲೆ. ಹೊಲಿಗೆ ಬಿಚ್ಚಿದರೇ? ಒಬ್ಬಳೇ ಎದ್ದು ಕೂರುತ್ತೀಯೋ, ಇನ್ನೂ ನರ್ಸಮ್ಮನೇ ಬಂದು ಕೂರಿಸಬೇಕೋ? ಡಾಕ್ಟರು ಹೇಳಿಕೊಟ್ಟಂತೆ ಪಕ್ಕಕ್ಕೆ ಹೊರಳಿ, ಕೈಯೂರಿ, ನಿಧಾನಕ್ಕೆ ಏಳು. ಅಲಾರಾಂ ಹೊಡೆದ ಕೂಡಲೇ ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಎದ್ದು ಓಡುವ ನಿನ್ನ ಹಳೇ ಚಾಳಿಯನ್ನು ಅಲ್ಲಿ ತೋರಿಸಬೇಡ. ಚಿಕ್ಕಮ್ಮ ಊಟ ತಂದುಕೊಡುತ್ತಿದ್ದಾಳೆ ತಾನೇ? ಉಪ್ಪಿನ ವಿಷಯದಲ್ಲಿ ಅವಳ ಕೈ ಸ್ವಲ್ಪ ಧಾರಾಳ. ನಿನ್ನ ಅಮ್ಮನದೂ ಹಾಗೇ ಇತ್ತು, ಅಕ್ಕತಂಗಿಯರ ಗುಣ ಅದು. ಸಹಿಸಿಕೊಂಡು ತಿನ್ನು.

ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು ಅನ್ನುತ್ತೀಯೆ. ಹೋದ ವಾರ ನಾನು ‘ಹಲೋ’ ಅಂದ ಒಂದೇ ಏಟಿಗೆ ನಿನ್ನ ಪಕ್ಕದ ಹಾಸಿಗೆಯ ಹೆಂಗಸು ಬೆಚ್ಚಿಬಿದ್ದು ನೀರಿನ ಲೋಟ ಕೆಡವಿದಳಲ್ಲ, ಅದು ನೆನಪಿಲ್ಲವೇ? “ನಿಮ್ಮ ತಂದೆಗೆ ಫೋನ್ ಯಾಕಮ್ಮಾ, ಕಿಟಕಿ ತೆಗೆದಿಟ್ರೆ ಸಾಕಲ್ಲ” ಅಂತ ನಿನ್ನ ನರ್ಸಮ್ಮ ಅಂದದ್ದು ನನಗೂ ಕೇಳಿಸಿತು. ಆಕೆಗೆ ನನ್ನ ನಮಸ್ಕಾರ ಹೇಳು. ಮೈಕು ಕೆಟ್ಟ ದಿನವೂ ಕೊನೇ ಬೆಂಚಿನವನಿಗೆ ಮಾತು ಮುಟ್ಟಿಸಿದ ಗಂಟಲು ಇದು, ಆಸ್ಪತ್ರೆಗೆ ತಕ್ಕಂತೆ ಸಣ್ಣದಾಗು ಅಂದರೆ ಆಗುತ್ತದೆಯೇ? ಅದೂ ಅಲ್ಲದೆ ಇವತ್ತಿನ ವಿಷಯ ಪಿಸುಗುಟ್ಟುವಂಥದ್ದಲ್ಲ. ಕಾಗದದಲ್ಲಾದರೆ ಎಷ್ಟು ಅರಚಿದರೂ ಯಾರ ಲೋಟವೂ ಬೀಳುವುದಿಲ್ಲ.

ನಗಾರಿ ಚೆನ್ನಾಗಿದ್ದಾಳೆ. “ಇಪ್ಪತ್ತೆರಡು ವರ್ಷದ ಹುಡುಗೀನ ನಗಾರಿ ಅಂತ ಕರೀಬೇಡ ಅಪ್ಪಾ” ಅಂತ ನೀನು ರೇಗುತ್ತಲೇ ಬಂದಿದ್ದೀಯೆ, ನಾನು ಕರೆಯುತ್ತಲೇ ಬಂದಿದ್ದೇನೆ. ಏನು ಮಾಡಲಿ? ನಾಲಿಗೆಯಲ್ಲಿ ಇರಬೇಕಾದ ಮಾತೆಲ್ಲ ನಿನ್ನ ಮಗಳ ಅಂಗೈಯಲ್ಲಿ ಬಂದು ಕೂತಿದೆ. ಹಸಿವಾದರೆ ಗಾಲಿಕುರ್ಚಿಯ ಹಲಗೆಯ ಮೇಲೆ ಒಂದು ಪೆಟ್ಟು, ಖುಷಿಯಾದರೆ ಇನ್ನೊಂದು, ಸಿಟ್ಟು ಬಂದರೆ ನಮ್ಮ ನಾಟಕ ಕಂಪನಿಯ ಯುದ್ಧದ ದೃಶ್ಯವೂ ನಾಚಬೇಕು ಅಂಥ ಬಡಿತ. ಕೇಳುವ ಕಿವಿ ಇದ್ದವರಿಗೆ ಅವಳು ಇಡೀ ದಿನ ಮಾತಾಡುತ್ತಾಳೆ. ಅವಳು ಈಗ ಮನೆಯಲ್ಲಿದ್ದಾಳೆ. ಹೌದು, ಮನೆಯಲ್ಲಿ. ಏಳಬೇಡ! ಹಾಸಿಗೆಯಿಂದ ಏಳಬೇಡ, ಯಾರಿಗೂ ಫೋನು ಮಾಡಬೇಡ. ಕಾಗದ ಪೂರ್ತಿ ಓದು, ಆಮೇಲೆ ಬೇಕಾದರೆ ನನ್ನನ್ನು ಬೈ.

ಹೊರಡುವ ದಿನ ನೀನು ನನಗೆ ಹಾಕಿದ ಆಜ್ಞೆ ನೆನಪಿದೆ. “ಅಪ್ಪಾ, ಅವಳನ್ನ ವೃದ್ಧಾಶ್ರಮದ ಬಿಡುವಿನ ಕೋಣೇಲಿ ಬಿಟ್ಟಿದೀನಿ. ಅಲ್ಲಿಗೆ ಹೋಗಿ ನಾಟಕ ಮಾಡ್ಬೇಡ. ಇರೋದು ಅದೊಂದೇ ಜಾಗ.” ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೀನು ಅವಳನ್ನು ಬೇರೆಯವರ ಕೈಗೆ ಕೊಟ್ಟೆ. ಅದೂ ಸುಖಕ್ಕಲ್ಲ, ಅವಳನ್ನು ಎತ್ತಿ ಎತ್ತಿ ಬೆನ್ನಿನ ಡಿಸ್ಕು ಜಾರಿ, ಕಾಲು ಎಳೆಯುವಂತಾಗಿ, ಡಾಕ್ಟರ ಕತ್ತಿಯ ಕೆಳಗೆ ಮಲಗುವುದಕ್ಕೆ. ನಿನ್ನ ಗಂಡ ಅನ್ನಿಸಿಕೊಂಡ ಮಹಾನುಭಾವ ಎರಡನೇ ಅಂಕದಲ್ಲೇ ವೇಷ ಕಳಚಿಟ್ಟು ಹೊರಟುಹೋದ ಮೇಲೆ, ಸ್ನಾನಕ್ಕೆ ಎತ್ತಿದವಳು ನೀನು, ಹಾಸಿಗೆಗೆ ಎತ್ತಿದವಳು ನೀನು. ನಾನು ಪಕ್ಕದಲ್ಲಿ ನಿಂತು ಟವೆಲ್ಲು ಹಿಡಿದಿದ್ದೆ. ಆದ್ದರಿಂದ ನಿನ್ನ ಆಜ್ಞೆಗೆ ತಲೆಬಾಗಿ ಒಂದೆರಡು ದಿನ ಸುಮ್ಮನಿದ್ದೆ. ಆಮೇಲೆ ಇರಲಾಗಲಿಲ್ಲ, ಹೋದೆ.

ಮಗಳೇ, ನೀನು ನೋಡಿದ್ದು ಮುಂಬಾಗಿಲು. ಅಲ್ಲಿ ಹೂಕುಂಡಗಳಿವೆ, ನಗುವ ಮುದುಕಿಯ ಫೋಟೋ ಇದೆ, ಮೆತ್ತನೆ ಸೋಫಾ ಇದೆ. ಅದು ಮುಂಪರದೆ. ನಲವತ್ತು ವರ್ಷ ಪರದೆಯ ಹಿಂದೆ ಬದುಕಿದವನು ನಾನು, ಮುಂಪರದೆಯನ್ನು ನೋಡಿ ಮೋಸಹೋಗುವ ಕುಳ ಅಲ್ಲ. ಒಳಗೆ ನಡೆದೆ. ಆ ಉದ್ದನೆಯ ಕಾರಿಡಾರು ಇದೆಯಲ್ಲ, ಒದ್ದೆ ಕಂಬಳಿಯ ವಾಸನೆ, ಗೋಡೆಗುಂಟ ಹಿಡಿದುಕೊಳ್ಳುವ ಕಂಬಿ, ಎರಡೂ ಕಡೆ ಅರೆತೆರೆದ ಬಾಗಿಲು, ಪ್ರತಿ ಬಾಗಿಲಲ್ಲೂ ಒಂದು ಜೊತೆ ಚಪ್ಪಲಿ. ಅಲ್ಲಿ ಇರುವವರೆಲ್ಲ ನನ್ನ ವಯಸ್ಸಿನವರು, ನನಗಿಂತ ಹಿರಿಯರು. ಪಾಪ, ಜೀವನವೆಲ್ಲ ಗದ್ದಲ ಕೇಳಿ ಸಾಕಾಗಿ ಮೌನ ಹುಡುಕಿಕೊಂಡು ಬಂದವರು. ಕೊನೆಗೆ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಎರಡು ಕೋಣೆ. ಅದೇ ಬಿಡುವಿನ ಕೋಣೆ, ಇಂಥ ಮಕ್ಕಳನ್ನು ಸಾಕುವವರಿಗೆ ನಾಲ್ಕು ದಿನ ಬಿಡುವು ಸಿಗಲಿ ಅಂತ ಪುರಸಭೆ ಇಟ್ಟದ್ದು. ಒಂದು ಕಾಲಕ್ಕೆ ಮುರಿದ ಮಂಚ ತುಂಬುವ ಉಗ್ರಾಣವಾಗಿತ್ತಂತೆ. ಕಿಟಕಿ ಇದೆ, ತೆರೆಯುವುದಿಲ್ಲ. ಬಚ್ಚಲಿದೆ, ಅದರ ಬಾಗಿಲಲ್ಲಿ ಗಾಲಿಕುರ್ಚಿ ತೂರುವುದಿಲ್ಲ. ಹಾಗಾದರೆ ಸ್ನಾನ ಹೇಗ್ರೀ ಅಂದೆ. “ಬೇಸಿನ್ ತಂದು ಮೈ ಒರೆಸ್ತೀವಿ” ಅಂದಳು ಆಯಾ. ಅವಳನ್ನು ಬೈಯಲಾರೆ, ಇಡೀ ಕಟ್ಟಡಕ್ಕೆ ಅವಳೂ ಇನ್ನೊಬ್ಬಳೂ, ಇಬ್ಬರೇ.

ಊಟ ಅಂದೆಯಾ? ಹಲ್ಲಿಲ್ಲದವರಿಗೆ ಮಾಡಿದ್ದನ್ನೇ ಇವಳಿಗೂ. ಬ್ರೆಡ್ಡು, ತರಕಾರಿ, ಮೊಟ್ಟೆ, ಎಲ್ಲವನ್ನೂ ಒಟ್ಟಿಗೆ ಅರೆದು ಗೋಡೆಗೆ ಬಳಿಯುವ ಹದಕ್ಕೆ ತಂದ ಒಂದು ಬೂದುಬಣ್ಣದ ಲೇಪ. ನಮ್ಮ ನಗಾರಿಗೆ ಎಂಥ ಹಲ್ಲು! ಗಟ್ಟಿ ಸೇಬನ್ನು ಕಚ್ಚಿ ನನ್ನ ಕನ್ನಡಕಕ್ಕೆ ರಸ ಹಾರಿಸುವ ಹಲ್ಲು. ಹೊರಗೆ ಬೆಳಕಿರುವಾಗಲೇ ಎಲ್ಲರನ್ನೂ ಮಲಗಿಸುತ್ತಾರೆ, ಇವಳನ್ನೂ ಮಲಗಿಸುತ್ತಾರೆ. ಎಲ್ಲರಿಗೂ ಯಾವ ಹಾಡೋ ಅದೇ ಹಾಡು ಇವಳಿಗೂ, ಅದೂ ಗೊರಕೆಯ ಶ್ರುತಿಯಲ್ಲಿ.

ಇಷ್ಟಾದರೂ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆಮೇಲೆ ಅವಳನ್ನು ಕಂಡೆ. ಟಿವಿ ಇರುವ ಹಜಾರದಲ್ಲಿ, ಕುರ್ಚಿಯಲ್ಲೇ ತೂಗಡಿಸುತ್ತಿದ್ದ ಹಿರಿಯರ ಸಾಲಿನ ಕೊನೆಯಲ್ಲಿ, ಎದೆಗೆ ಬಟ್ಟೆ ಕಟ್ಟಿ ಕೂರಿಸಿದ್ದರು. ನನ್ನನ್ನು ನೋಡಿದಳು. ಮುಖ ಅರಳಿತು, ಬಾಯಿ ಅಷ್ಟಗಲ ಆಯಿತು, ಕೈ ಎತ್ತಿದಳು, ಹಲಗೆಯ ಮೇಲೆ ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು, ಸದ್ದಿಲ್ಲ. ನನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ಎರಡೂ ಕೈಗೆ ದಪ್ಪ ಹತ್ತಿ ತುಂಬಿ ಹೊಲಿದ ಗವಸು ತೊಡಿಸಿ, ಮಣಿಕಟ್ಟಿನ ಹತ್ತಿರ ಪಟ್ಟಿ ಬಿಗಿದಿದ್ದರು. ಮಗು ಬಡಿಯುತ್ತಲೇ ಇದೆ, ನನ್ನ ಮುಖ ನೋಡುತ್ತಿದೆ, ಅಜ್ಜನಿಗೆ ಯಾಕೆ ಕೇಳಿಸುತ್ತಿಲ್ಲ ಅಂತ ಅವಳ ಹುಬ್ಬು ಗಂಟಾಗುತ್ತಿದೆ. ಮಾತಾಡುವ ಮನುಷ್ಯನ ಬಾಯಿಗೆ ಬಟ್ಟೆ ತುರುಕಿದರೆ ಪೊಲೀಸರು ಬರುತ್ತಾರೆ. ಇವಳ ಬಾಯಿಗೆ ಬಟ್ಟೆ ತುರುಕಿದ್ದರು ಮಗಳೇ, ಯಾರೂ ಬರಲಿಲ್ಲ!

ಖಳನಾಯಕನ ಪಾರ್ಟು ಮಾಡಿದವನು ನಾನು, ಎಷ್ಟೋ ಅರಮನೆಗಳಿಗೆ ಬೆಂಕಿ ಇಟ್ಟಿದ್ದೇನೆ, ಆದರೆ ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಬೆಂಕಿ ಯಾವ ದೃಶ್ಯದಲ್ಲೂ ಎದ್ದಿರಲಿಲ್ಲ. ಮೇಲ್ವಿಚಾರಕಿ ಓಡಿಬಂದಳು. “ಮೆತ್ತಗಿದೆ ಯಜಮಾನ್ರೇ, ನೋವಾಗಲ್ಲ. ಹಿರಿಯರು ಮಲಗಿರ್ತಾರೆ, ಅವರಿಗೆ ತೊಂದ್ರೆ ಆಗ್ಬಾರ್ದು.” ಮಟಮಟ ಮಧ್ಯಾಹ್ನ ಯಾರ್ರೀ ಮಲಗೋದು ಅಂದೆ. “ಎಲ್ಲರೂ” ಅಂದಳು, ಕಣ್ಣು ಮಿಟುಕಿಸದೆ. ಅಷ್ಟರಲ್ಲಿ ಎಲ್ಲರೂ ಎದ್ದಿದ್ದರು ಅನ್ನು, ನಾನು ಮಾತಾಡುತ್ತಿದ್ದೆನಲ್ಲ.

ಎದ್ದವರಲ್ಲಿ ಒಬ್ಬರು ಕೋಲೂರಿಕೊಂಡು ಬಂದರು. ತೆಳ್ಳಗೆ, ಬೆಳ್ಳಗೆ, ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡವರು, ಎಲ್ಲರೂ ಹೆಡ್‌ಮಾಷ್ಟ್ರು ಅನ್ನುತ್ತಾರೆ. ಜಗಳಕ್ಕೇ ಬಂದರು ಅಂದುಕೊಂಡು ನಾನೂ ಎದೆ ಸೆಟೆಸಿದೆ. ಅವರು ಹೇಳಿದ್ದು ಇಷ್ಟು: “ನೋಡಿ, ಆ ಮಗು ಬಡಿದಾಗೆಲ್ಲ ನನ್ನ ಎದೆ ಹಾರುತ್ತೆ, ಅದು ಸುಳ್ಳಲ್ಲ. ಪಕ್ಕದ ಕೋಣೆ ಅಮ್ಮ ಅತ್ತೇಬಿಡ್ತಾರೆ. ಆದ್ರೆ ಕೈಗೆ ಆ ಚೀಲ ಕಟ್ಟಿದ ದಿನದಿಂದ ನಮಗೆ ನಿದ್ದೆ ಬಂದಿಲ್ಲ. ಸದ್ದು ನಿಂತ ಮೇಲೆ ಯಾಕೆ ನಿಂತಿತು ಅಂತ ಗೊತ್ತಾಗುತ್ತಲ್ಲ. ಯಾರ್ರೀ ನಮ್ಮನ್ನೂ ಈ ಮಕ್ಕಳನ್ನೂ ಒಂದೇ ಸೂರಿನ ಕೆಳಗೆ ತಂದು ತುಂಬಿದ್ದು?” ನಾನು ಅವರ ಕೈ ಹಿಡಿದುಕೊಂಡೆ. ಯಾರು ತುಂಬಿದ್ದು? ಅದೇ ಸರಿಯಾದ ಪ್ರಶ್ನೆ. ಆಯಾ ಅಲ್ಲ, ಮೇಲ್ವಿಚಾರಕಿಯೂ ಅಲ್ಲ. ಖಾಲಿ ಕೋಣೆ ಎರಡಿವೆ, ಬೇಡದ ಮಕ್ಕಳು ಒಂದಷ್ಟಿವೆ, ಒಂದಕ್ಕೊಂದು ಜೋಡಿಸಿ ಕೈ ತೊಳೆದುಕೊಳ್ಳೋಣ ಅಂತ ಪುರಸಭೆಯಲ್ಲಿ ಕೂತು ನಿರ್ಧರಿಸಿದವರು! ಅವರ ಮನೆಯ ಕಪಾಟಿನಲ್ಲಿ ಚಮಚ ಒಂದು ಕಡೆ, ಚಾಕು ಒಂದು ಕಡೆ ಇರುತ್ತದೆ. ಮನುಷ್ಯರನ್ನು ಇಡುವಾಗ ಮಾತ್ರ ಎಲ್ಲ ಒಂದೇ ಡಬ್ಬಿಗೆ.

ಗವಸು ಕಿತ್ತು ಜೇಬಿಗೆ ಹಾಕಿಕೊಂಡೆ. ಅವತ್ತಿನಿಂದ ದಿನವೂ ಬೆಳಿಗ್ಗೆ ಹೋಗಿ ಸಂಜೆವರೆಗೆ ಅವಳ ಪಕ್ಕದಲ್ಲೇ ಕೂತೆ. ಮತ್ತೆ ಕಟ್ಟುತ್ತಾರಾ ನೋಡೇಬಿಡೋಣ ಅಂತ. ಕಟ್ಟಲಿಲ್ಲ.

ಇನ್ನು ಪುರಸಭೆಯ ಸಭೆ. ಇಲ್ಲಿಂದ ಮುಂದೆ ಓದುವಾಗ ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ, ಮುಚ್ಚಿಡುವುದಿಲ್ಲ. ಆ ಎರಡು ಕೋಣೆಯ ವಿಷಯ ತೀರ್ಮಾನಿಸುವುದಕ್ಕೇ ಸಭೆ ಕರೆದಿದ್ದರು. ಮೊದಲನೆಯದು, ವೃದ್ಧಾಶ್ರಮದಲ್ಲಿರುವ ಬಿಡುವಿನ ಕೋಣೆಗಳನ್ನು ಮುಚ್ಚುವುದು. ಎರಡನೆಯದು, ಅದರ ಬದಲಿಗೆ ಹೆರಿಗೆ ಆಸ್ಪತ್ರೆಯ ಹಿಂದೆ ಖಾಲಿ ಬಿದ್ದಿರುವ ದಾದಿಯರ ಹಳೇ ವಸತಿಮನೆಯನ್ನು ಸರಿಮಾಡಿಸಿ ಮಕ್ಕಳಿಗೆ ಕೊಡುವುದು. ಆ ಮನೆಯನ್ನು ನಾವು, ಮಕ್ಕಳ ಮನೆಯವರೆಲ್ಲ, ಹೋಗಿ ನೋಡಿಬಂದಿದ್ದೆವು. ಮೆಟ್ಟಿಲಿಲ್ಲ, ಬಾಗಿಲು ಅಗಲ, ಸ್ನಾನದ ಮನೆಯಲ್ಲಿ ಗಾಲಿಕುರ್ಚಿ ಒಂದು ಸುತ್ತು ಹೊಡೆದು ಬರಬಹುದು, ನಡುವೆ ಅಂಗಳ. ಎಲ್ಲಕ್ಕಿಂತ ಮೇಲಾಗಿ ಪಕ್ಕದಲ್ಲೇ ಮರ ಕೊಯ್ಯುವ ಕಾರ್ಖಾನೆ! ನಗಾರಿ ಇಡೀ ದಿನ ಬಡಿದರೂ ಗರಗಸದ ಮುಂದೆ ಯಾವನಿಗೂ ಕೇಳಿಸುವುದಿಲ್ಲ. ಟೈಲರಮ್ಮ ಗೊತ್ತಲ್ಲ, ನಗಾರಿಯ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನ ತಾಯಿ? ಅವಳೇ ಎಲ್ಲರ ಪರವಾಗಿ ನನ್ನನ್ನು ಹಿಡಿದಳು. “ಯಜಮಾನ್ರೇ, ಎರಡಕ್ಕೂ ನೀವೇ ಮಾತಾಡ್ಬೇಕು. ನಾವು ಎದ್ದು ನಿಂತ್ರೆ ಕಾಲು ನಡುಗುತ್ತೆ, ನಾಲಿಗೆ ಒಣಗುತ್ತೆ.” ನಾನು ಇದ್ದೇನಲ್ಲ, ಬಿಡಿ ಅಂದೆ.

ಮಗಳೇ, ಅವತ್ತು ನಾನು ಮಾತಾಡಿದ್ದನ್ನು ನೀನು ಕೇಳಬೇಕಿತ್ತು! ಬೂದು ಕೋಟು ಹಾಕಿಕೊಂಡು ಹೋಗಿದ್ದೆ. ಮೊದಲು ದನಿ ತಗ್ಗಿಸಿ ಶುರುಮಾಡಿದೆ, ಸದಸ್ಯರೆಲ್ಲ ಮುಂದಕ್ಕೆ ಬಾಗಿ ಕೇಳಬೇಕು ಹಾಗೆ. ಕಾರಿಡಾರು ತೋರಿಸಿದೆ, ಬೇಸಿನ್ನು ತೋರಿಸಿದೆ, ಬೂದು ಲೇಪ ಉಣ್ಣಿಸಿದೆ. ಆಮೇಲೆ ಜೇಬಿನಿಂದ ಆ ಗವಸು ತೆಗೆದು ಅಧ್ಯಕ್ಷರ ಮುಂದೆ ಮೇಜಿನ ಮೇಲೆ ಎಸೆದೆ. ಸದ್ದಿಲ್ಲದೆ ಬಿತ್ತು. “ಕೇಳಿಸಿತೇ? ಇಲ್ಲವಲ್ಲ? ಇದೇ ನನ್ನ ಮೊಮ್ಮಗಳ ಮಾತು, ನೀವು ಹೊಲಿಸಿದ್ದು! ಮುಚ್ಚಿ ಆ ಕೋಣೆಗಳನ್ನು! ಇವತ್ತೇ ಮುಚ್ಚಿ!” ಅಂತ ಗುಡುಗಿದೆ. ಆಮೇಲೆ ಚಪ್ಪಾಳೆ! ಹಿಂದಿನ ಸಾಲಿನ ಗುಮಾಸ್ತರು, ಬಾಗಿಲ ಕಾವಲುಗಾರ, ಕೊನೆಗೆ ಅಧ್ಯಕ್ಷರೂ. ಯಾರೋ ಒಬ್ಬ ಒನ್ಸ್ ಮೋರ್ ಅಂತ ಕೂಡ ಕೂಗಿದ, ನನ್ನಾಣೆ.

ಈಗ ಕೇಳು ನನ್ನ ಘನಂದಾರಿ ಕೆಲಸವನ್ನು. ನಮ್ಮ ಕಂಪನಿಯಲ್ಲಿ ಮಾಲೀಕರು ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಮಾತಲ್ಲ, ನಿರ್ಗಮನ. “ಚಪ್ಪಾಳೆ ಬಿತ್ತಾ, ರಂಗ ಬಿಡು. ನಿಂತ್ಕೊಂಡು ಹಲ್ಲು ಕಿರಿದ್ಯೋ, ಗಳಿಸಿದ್ದೆಲ್ಲ ಹೋಯ್ತು.” ಬೆನ್ನ ಮೇಲೆ ಬೆತ್ತದಿಂದ ಬರೆದ ಪಾಠ ಅದು. ಚಪ್ಪಾಳೆ ಕಿವಿಗೆ ಬಿದ್ದ ತಕ್ಷಣ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಅವತ್ತೂ ಕೇಳಲಿಲ್ಲ. ಮಫ್ಲರನ್ನು ಹೆಗಲ ಮೇಲೆ ಬೀಸಿಕೊಂಡು, ತಲೆ ಎತ್ತಿ, ನಡುಬಾಗಿಲಿನಿಂದ ಹೊರಟುಬಂದೆ. ಹೊರಗೆ ಕಾವಲುಗಾರ ಟೀ ಕೊಡಿಸಿದ. “ಏನ್ ಗಂಟಲು ಸ್ವಾಮೀ ನಿಮ್ದು” ಅಂದ. ಹಳೇ ನಾಟಕದ ಎರಡು ಪದ್ಯವನ್ನೂ ಅವನಿಗೆ ಹಾಡಿ ತೋರಿಸಿದೆ.

ಒಳಗೆ ಏನಾಯಿತು ಅಂದುಕೊಂಡೆ? “ಯಜಮಾನರ ಮಾತು ನಮ್ಮ ಕಣ್ಣು ತೆರೆಸಿದೆ” ಅಂತ ಅಧ್ಯಕ್ಷರು ಕೋಣೆಗಳನ್ನು ಮುಚ್ಚುವ ಆದೇಶವನ್ನು ನಿಂತ ಕಾಲಲ್ಲೇ ಹೊರಡಿಸಿದರು. ಆಮೇಲೆ ಎರಡನೇ ವಿಷಯ ಎತ್ತಿಕೊಂಡು, ಇದಕ್ಕೆ ಯಾರಾದರೂ ಮಾತಾಡುವವರಿದ್ದೀರಾ ಅಂತ ಕೇಳಿದರು. ಯಾರಿದ್ದಾರೆ? ಮಾತಾಡಬೇಕಾದ ಮಹಾನಟ ಹೊರಗೆ ಟೀ ಹೀರುತ್ತಿದ್ದಾನೆ! ಟೈಲರಮ್ಮ ಎದ್ದು ನಿಂತಳಂತೆ, “ಸ್ವಾಮೀ” ಅಂದಳಂತೆ, ಮುಂದೆ ಮಾತೇ ಹೊರಡಲಿಲ್ಲವಂತೆ. ಸರಿ, ಮುಂದಿನ ವರ್ಷ ನೋಡೋಣ ಅಂತ ಕಟ್ಟಿಟ್ಟುಬಿಟ್ಟರು. ಕೆಟ್ಟ ಜಾಗ ಹೋಯಿತು, ಒಳ್ಳೆ ಜಾಗ ಬರಲಿಲ್ಲ. ಮಕ್ಕಳೆಲ್ಲ ಬೀದಿಗೆ. ಅವರ ಪಾಲಿಗೆ ಸುಲಭವೇ ಆಯಿತು: ನೋಡಿಕೊಳ್ಳುವ ಕೆಲಸವೂ ತಪ್ಪಿತು, ಕರುಣಾಮಯಿಗಳು ಅನ್ನುವ ಹೆಸರೂ ಬಂತು.

ಟೈಲರಮ್ಮ ಮೆಟ್ಟಿಲಿಳಿದು ಬಂದು ನನಗೆ ಎತ್ತಿದ ಮಂಗಳಾರತಿಯನ್ನು ಪೂರ್ತಿ ಬರೆಯಲಾರೆ, ನೀನು ಆಸ್ಪತ್ರೆಯಲ್ಲಿದ್ದೀಯೆ. “ಅರ್ಧ ನಾಟಕ ಆಡಿ ಬಣ್ಣ ಒರೆಸ್ಕೊಂಡು ಬಂದ್ರಲ್ಲ! ಕೊಟ್ಟ ಚಪ್ಪಾಳೆ ತಗೊಂಡು ಹೋಗಿ ಹಾಸಿಗೆ ಮಾಡಿ ಹಾಕ್ತೀರಾ ನಮ್ಮ ಮಕ್ಕಳಿಗೆ? ನಾಳೆಯಿಂದ ನನ್ನ ಮಗನ್ನ ಯಂತ್ರದ ಕಾಲಿಗೆ ಕಟ್ಟಿ ಬಟ್ಟೆ ಹೊಲೀಲಾ?” ಟೀ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕು ಅಂತಲೂ ತೋಚಲಿಲ್ಲ.

ಹಾಗೆ ನಗಾರಿ ಮನೆಗೆ ಬಂದಳು. ಎತ್ತುವುದು ಇಳಿಸುವುದು ಯಾರು ಅಂತ ನೀನು ಕೇಳುತ್ತೀಯೆ. ಬೆಳಿಗ್ಗೆ ಸಂಜೆ ಟೈಲರಮ್ಮನ ಗಂಡ ಬರುತ್ತಾನೆ, ಅವನು ತಲೆ ಕಡೆ, ನಾನು ಕಾಲ ಕಡೆ. ನಡುವೆ ಬೇಕಾದರೆ ಏನು ಮಾಡುತ್ತೇವೆ ಅಂತ ಮಾತ್ರ ಕೇಳಬೇಡ, ನಿಭಾಯಿಸುತ್ತೇವೆ. ಅಷ್ಟು ಬೈದವಳು ಗಂಡನನ್ನು ಕಳಿಸುವುದನ್ನು ಒಂದು ಹೊತ್ತೂ ತಪ್ಪಿಸಿಲ್ಲ, ನೋಡು.

ಮುಂದಿನ ಉಪಾಯವೂ ಅವಳದ್ದೇ. “ಭಾಷಣ ಬೇಡ ಇನ್ಮೇಲೆ. ಮಕ್ಕಳಿಗೆ ಇರೋಕೆ ಜಾಗ ಇಲ್ಲ ತಾನೇ? ಅಧ್ಯಕ್ಷರ ಕೋಣೆ ದೊಡ್ಡದಾಗಿದೆ, ಫ್ಯಾನಿದೆ, ಅಲ್ಲಿರ್ಲಿ. ಯಜಮಾನ್ರೇ, ನೀವೂ ಬನ್ನಿ, ಆದ್ರೆ ಬಾಯಿ ಬಿಟ್ರೆ ನೋಡಿ ಮತ್ತೆ.” ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಗಾಲಿಕುರ್ಚಿಗಳ ಮೆರವಣಿಗೆ. ಕಾವಲುಗಾರ ನನ್ನ ಅಭಿಮಾನಿಯಲ್ಲವೇ, ಬಾಗಿಲನ್ನು ಎರಡೂ ಕಡೆ ಹಾರುಹೊಡೆದು ಹಿಡಿದ. ಟೈಲರಮ್ಮನ ಮಗ ಅಧ್ಯಕ್ಷರ ಕುರ್ಚಿಯ ಚಕ್ರ ತಿರುಗಿಸುತ್ತ ಕೂತ, ಇನ್ನೊಬ್ಬ ಪೆನ್ನುಗಳನ್ನೆಲ್ಲ ಒಂದೊಂದಾಗಿ ನೆಕ್ಕಿ ರುಚಿ ನೋಡಿದ. ನಮ್ಮ ನಗಾರಿಯನ್ನು ನೇರ ಮೇಜಿನ ಮುಂದೆ ನಿಲ್ಲಿಸಿದೆವು. ಗಾಜು ಹೊದಿಸಿದ ಮೇಜು! ಇಂಥ ವಾದ್ಯ ಅವಳ ಜನ್ಮದಲ್ಲಿ ಸಿಕ್ಕಿರಲಿಲ್ಲ. ಬರಿಗೈಯಲ್ಲಿ ಶುರುಮಾಡಿದಳು ನೋಡು, ಪೆನ್ನಿನ ಡಬ್ಬಿ ಕುಣಿಯಿತು, ಟೀ ಕಪ್ಪು ಕುಣಿಯಿತು, ಅಧ್ಯಕ್ಷರ ಗಲ್ಲವೂ ಕುಣಿಯಿತು. “ಏನಮ್ಮಾ ಇದು, ಸ್ವಲ್ಪ ನಿಲ್ಲಿಸೋಕೆ ಹೇಳಿ” ಅಂದರು. “ಅವಳು ಮಾತಾಡ್ತಿದಾಳೆ ಸ್ವಾಮೀ, ಮುಗೀಲಿ” ಅಂದಳು ಟೈಲರಮ್ಮ. ಅವಳ ಕಾಲು ಅವತ್ತು ನಡುಗಲಿಲ್ಲ! ನಾನು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದೆ. ಮಾತಿಲ್ಲದ ಪಾರ್ಟು. ಕಂಪನಿಯಲ್ಲಿ ಇಂಥದ್ದು ಕೊಟ್ಟಿದ್ದರೆ ಸಂಜೆಯೇ ಗಂಟುಮೂಟೆ ಕಟ್ಟುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಧ್ಯಕ್ಷರು ಸೋತರು. ದಾದಿಯರ ವಸತಿಮನೆಯನ್ನು ಬರುವ ತಿಂಗಳಿನಿಂದಲೇ ತೆರೆಯುವುದು, ಸದ್ಯಕ್ಕೆ ನಾಲ್ಕು ಹಾಸಿಗೆ, ಮಿಕ್ಕದ್ದು ರಿಪೇರಿಯಾದಂತೆ. ಗೆದ್ದೆವು ಅಂದುಕೊಂಡೆ. ಈ ಸಲ ನಾನು ಹೊರಗೆ ಹೋಗಲಿಲ್ಲ, ಗೂಟ ಹೊಡೆದ ಹಾಗೆ ಅಲ್ಲೇ ನಿಂತೆ.

ನಿಂತದ್ದಕ್ಕೆ ಕೇಳಬೇಕಾದ್ದನ್ನು ಕೇಳಿಸಿಕೊಂಡೆ. ನಾಲ್ಕು ಹಾಸಿಗೆ ಯಾರಿಗೆ ಅಂತ ತೀರ್ಮಾನಿಸುವವನು ಒಬ್ಬ ಅಧಿಕಾರಿ, ಚಿಕ್ಕ ವಯಸ್ಸು, ಇಸ್ತ್ರಿ ಮಡಿಕೆ ಮುರಿಯದ ಅಂಗಿ. ಮನೆಮನೆಗೆ ಬಂದು ನೋಡುತ್ತಾನಂತೆ. ಎತ್ತಿ ಇಳಿಸಲು ಯಾರೂ ಇಲ್ಲದ ಮನೆಯ ಮಗುವಿಗೆ ಮೊದಲು. ನನ್ನನ್ನು ಕೇಳಿದ, ತಾಯಿ ಎಲ್ಲಿ ಅಂತ. ಬೆನ್ನಿನ ಆಪರೇಷನ್ನು, ಬೇರೆ ಊರಿನ ಆಸ್ಪತ್ರೆ ಅಂದೆ. “ವಾಪಸ್ ಬರ್ತಾರಲ್ಲ ಸರ್? ತಾಯಿ ಮನೇಲಿದ್ಮೇಲೆ ಬಿಡುವು ಯಾಕೆ?”

ಇನ್ನೊಂದು ಸಲ ಓದು ಮಗಳೇ. ತಾಯಿ ಮನೆಯಲ್ಲಿದ್ದ ಮೇಲೆ ಬಿಡುವು ಯಾಕೆ! ಹಾಗಾದರೆ ಯಾರಿಗಯ್ಯಾ ಬಿಡುವು? ಗೋಡೆಗೋ, ಗಡಿಯಾರಕ್ಕೋ? ಅಮ್ಮ ಅಂದರೆ ಇವರ ಲೆಕ್ಕದಲ್ಲಿ ಮನೆಯ ಜೊತೆಗೇ ಬರುವ ಕಂಬ, ಕೊಳಾಯಿ. ಕಂಬಕ್ಕೆ ಬೆನ್ನು ನೋಯುತ್ತದೆಯೇ, ಕೊಳಾಯಿಗೆ ನಿದ್ದೆ ಬೇಕೇ! ಅವನು ದುಷ್ಟನೂ ಅಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ದುಷ್ಟನಾಗಿದ್ದರೆ ಎದುರಿಸಬಹುದು. ಇವನು ಸಭ್ಯ. ಅವನಿಗೆ ಅದು ಬೆಳಗಾದರೆ ಬೆಳಕು ಅನ್ನುವಷ್ಟು ಸಹಜ. ನನ್ನ ಗಂಟಲಿನಲ್ಲಿ ಇಡೀ ಐದನೇ ಅಂಕ ಎದ್ದು ನಿಂತಿತ್ತು, ಟೈಲರಮ್ಮ ನನ್ನ ಕಾಲಿನ ಮೇಲೆ ತನ್ನ ಕಾಲಿಟ್ಟು ಒತ್ತಿದಳು. “ಡಾಕ್ಟರು ಯಾವಾಗ ಕಳಿಸ್ತಾರೋ ಗೊತ್ತಿಲ್ಲ” ಅಂದೆ. ಎಷ್ಟು ಸಣ್ಣ ದನಿಯಲ್ಲಿ ಅಂದರೆ ಅವನು “ಏನಂದ್ರಿ?” ಅಂತ ಮತ್ತೆ ಕೇಳಿದ. ನನ್ನನ್ನು ಯಾರಾದರೂ ‘ಏನಂದ್ರಿ’ ಅಂತ ಕೇಳಿದ್ದು ಅದೇ ಮೊದಲು.

ಸರಿ, ಕೈ ನೋಯುತ್ತಿದೆ. ಹೆಡ್‌ಮಾಷ್ಟ್ರು ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ನಿನ್ನೆ ಬಂದಿದ್ದರು, ನಗಾರಿಗೆ ಸೇಬು ತಂದು, ಅವಳು ಬಡಿದಾಗೆಲ್ಲ ಒಂದೊಂದು ಸಲ ಬೆಚ್ಚಿ, ಆದರೂ ಎದ್ದುಹೋಗದೆ ಕೂತಿದ್ದರು. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಉಪ್ಪಿನ ಮಾತು ಹೇಳಬೇಡ. ನಿನ್ನ ಬೆನ್ನು ಗಟ್ಟಿಯಾಗಲಿ, ನಿನ್ನ ನಡಿಗೆ ಮೊದಲಿನ ಹಾಗೆ ನೆಟ್ಟಗಾಗಲಿ, ನನ್ನ ಪಾಲಿನ ಆಯಸ್ಸಿನಲ್ಲಿ ಮಿಕ್ಕಿರುವುದೇನಾದರೂ ಇದ್ದರೆ ಅದೆಲ್ಲ ನಿನಗೇ ಬರಲಿ.

ನಿನ್ನ ಅಪ್ಪ

ವಿ. ಸೂ.: ಟೈಲರಮ್ಮ ಅಂಚೆಗೆ ಹಾಕಲು ಕಾಗದ ಕೇಳುತ್ತ ಬಾಗಿಲಲ್ಲಿ ನಿಂತಿದ್ದಾಳೆ, “ಮುಖ್ಯವಾದದ್ದು ಬರೆದ್ರಾ?” ಅನ್ನುತ್ತಿದ್ದಾಳೆ. ಬರೆದಿರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯೆ, ನಾನು ಕೂಗುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ, ಅದಕ್ಕೇ ಇಲ್ಲಿ. ಆ ಅಧಿಕಾರಿ ಮುಂದಿನ ಶುಕ್ರವಾರ ನಮ್ಮ ಮನೆಗೆ ಬರುತ್ತಾನೆ. ಬುಧವಾರ ಹೇಗಾದರೂ ಬಿಡಿಸಿಕೊಂಡು ಬಂದುಬಿಡುತ್ತೇನೆ ಅಂತ ನೀನು ಚಿಕ್ಕಮ್ಮನಿಗೆ ಹೇಳಿದ್ದೀಯಂತೆ, ಅವಳು ನನಗೆ ತಿಳಿಸಿದಳು. ಅವನು ಬಂದಾಗ ನೀನು ಇಲ್ಲಿ ಹಾಸಿಗೆಯ ಮೇಲೆ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರೂ ಅವನ ಕಣ್ಣಿಗೆ ಕಾಣುವುದು ಒಂದೇ: ತಾಯಿ ಇದ್ದಾಳೆ. ನಮ್ಮ ಹಾಸಿಗೆ ಹೋಯಿತು. ಮಾರನೇ ದಿನದಿಂದ ನೀನು ಅವಳನ್ನು ಎತ್ತುತ್ತೀಯೆ, ನಾನು ಬೇಡ ಅಂದರೂ ಎತ್ತುತ್ತೀಯೆ, ನಿನ್ನನ್ನು ನಾನು ಬಲ್ಲೆ. ಡಾಕ್ಟರು ಸಾಕು ಅನ್ನುವವರೆಗೆ ಚಿಕ್ಕಮ್ಮನ ಮನೆಯಲ್ಲೇ ಇರು. ಬುಧವಾರವೂ ಬೇಡ, ಶುಕ್ರವಾರವೂ ಬೇಡ, ಅವಳನ್ನು ನೋಡಲೇಬೇಕು ಅನ್ನಿಸಿದರೂ ಬೇಡ. ಬರಬೇಡ ಮಗಳೇ. ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.